ಆವಾಹನೆ ಮತ್ತು ವಿಸರ್ಜನೆ: ಅಂತರ್ಜಾಲದ ಆಟಗಳಲ್ಲಿ ಕರೆಬಂದ ಪಡೆ

ತನ್ನ ಪರವಾಗಿ ಕಾದಾಡಲು ಮತ್ತೊಂದು ಶಕ್ತಿಯನ್ನು ಕರೆದು ರಣರಂಗಕ್ಕಿಳಿಸುವ ಕಲ್ಪನೆ ನಮ್ಮ ನಾಡಿಗೆ ಹೊಸದಲ್ಲ. ದಕ್ಷಯಜ್ಞವನ್ನು ಧ್ವಂಸ ಮಾಡುವುದಕ್ಕಾಗಿ ಶಿವನು ತನ್ನ ಜಟೆಯಿಂದ ವೀರಭದ್ರನನ್ನು ಆವಿರ್ಭವಿಸಿದ ಕಥೆಯನ್ನು ಪುರವಂತರ ಒಡಪುಗಳಲ್ಲಿ ಕೇಳದವರು ಗದಗ ಸೀಮೆಯಲ್ಲಿ ವಿರಳ. ಅದೇ ಕಲ್ಪನೆ ಇಂದು ಬೇರೊಂದು ವೇಷ ತೊಟ್ಟು ನಮ್ಮ ಮಕ್ಕಳ ಅಂಗೈಯೊಳಗೆ ಬಂದು ಕುಳಿತಿದೆ. 2020ರ ಮಹಾಮಾರಿಯ ದಿನಗಳಲ್ಲಿ ಪಾಠದ ನೆಪದಿಂದ ಮನೆ ಹೊಕ್ಕ ಮೊಬೈಲು, ಶಾಲೆಗಳ ಬಾಗಿಲು ತೆರೆದ ಮೇಲೂ ಮಕ್ಕಳ ಕೈಯಲ್ಲೇ ಉಳಿಯಿತು. ಗದಗ-ಬೆಟಗೇರಿಯ ಓಣಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಗಳಲ್ಲಾಗಲಿ, ಪರದೆಯ ಮೇಲೆ ನಡೆಯುವ ಯುದ್ಧವನ್ನು ಹಿರಿಯರು ಒಂದೋ ಬೈಯುತ್ತಾರೆ, ಇಲ್ಲವೇ ಕಂಡೂ ಕಾಣದಂತಿರುತ್ತಾರೆ. ಅದರ ಒಳಮರ್ಮವನ್ನು ಅರಿಯಲೆತ್ನಿಸುವವರು ಕಡಿಮೆ. ಅರಿಯದೆ ಮಾಡಿದ ಉಪದೇಶವು ಮಕ್ಕಳ ಮನಸ್ಸನ್ನು ಮುಟ್ಟಲಾರದೆಂಬುದು ಶಿಕ್ಷಕರೆಲ್ಲರ ಅನುಭವ.

ಈ ಆಟಗಳಲ್ಲಿ ಆಟಗಾರನು ಒಂದು ಪಾತ್ರವನ್ನು ಆಯ್ದುಕೊಳ್ಳುತ್ತಾನೆ. ಕತ್ತಿ ಹಿಡಿದು ತಾನೇ ಮುನ್ನುಗ್ಗುವ ವೀರನುಂಟು. ದೂರದಿಂದ ಬಾಣ ಬಿಡುವ ಬಿಲ್ಲಾಳುಂಟು. ಮೂರನೆಯ ಬಗೆಯವನು ಮಾಂತ್ರಿಕ. ಈತನ ಮೈಬಲ ಅಲ್ಪ. ಪ್ರಾಣಿಗಳನ್ನೋ ಭೂತಗಳನ್ನೋ ಕರೆದು ಅವುಗಳಿಂದ ಕಾದಾಡಿಸುವುದೇ ಈತನ ಬಲ. 2000ದಲ್ಲಿ ಅಮೆರಿಕದಿಂದ ಹೊರಬಂದು, 2021ರಲ್ಲಿ ಹೊಸ ರೂಪ ತಳೆದ ‘ಡಯಾಬ್ಲೊ 2’ ಎಂಬ ಆಟದ ‘ನೆಕ್ರೊಮ್ಯಾನ್ಸರ್’ ಇದಕ್ಕೆ ಪ್ರಸಿದ್ಧ ನಿದರ್ಶನ. ಮಡಿದ ಶತ್ರುಗಳ ಕಳೇಬರದಿಂದ ಈತನು ಎಲುಬುಗೂಡುಗಳನ್ನು ಎಬ್ಬಿಸಿ ತನ್ನ ಪಡೆಗೆ ಸೇರಿಸಿಕೊಳ್ಳುತ್ತಾನೆ. ‘ಗೋಲೆಮ್’ ಎಂಬ ಮಣ್ಣಿನ ಆಳನ್ನೂ ನಿರ್ಮಿಸುತ್ತಾನೆ. ಈ ಗೋಲೆಮ್ ಯೆಹೂದ್ಯರ ಐತಿಹ್ಯಗಳಿಂದ ಬಂದುದು. ಪ್ರಾಗ್ ನಗರದ ಧರ್ಮಗುರುವೊಬ್ಬರು ಜೇಡಿಮಣ್ಣಿನಿಂದ ಅಂಥ ಆಳನ್ನು ಮಾಡಿ ತಮ್ಮ ಜನರನ್ನು ಕಾಪಾಡಿದರೆಂದು ಅಲ್ಲಿಯ ದಂತಕಥೆ ಹೇಳುತ್ತದೆ.

ಇಂಥ ಆವಾಹನೆಗೆ ಕಟ್ಟುಪಾಡುಗಳಿವೆ. ಪ್ರತಿ ಕರೆಗೂ ‘ಮಾನಾ’ ಎಂಬ ಮಂತ್ರಬಲ ವೆಚ್ಚವಾಗುತ್ತದೆ; ಅದು ಬರಿದಾದರೆ ಮತ್ತೆ ತುಂಬುವವರೆಗೆ ಕಾಯಬೇಕು. ಕಳೇಬರವಿಲ್ಲದ ಕಡೆ ಎಲುಬುಗೂಡು ಏಳದು. ಗೋಲೆಮ್ ಒಂದು ವೇಳೆಗೆ ಒಂದೇ. ಆದಕಾರಣ ಕುಶಲನಾದ ಆಟಗಾರನು ಬಲವನ್ನು ಒಮ್ಮೆಲೇ ಚೆಲ್ಲುವುದಿಲ್ಲ. ಕರೆಬಂದ ಪಡೆಯನ್ನು ಮುಂದೆ ನಿಲ್ಲಿಸಿ ಶತ್ರುವಿನ ಪೆಟ್ಟನ್ನು ಅದರ ಮೇಲೆ ಸೆಳೆಯುತ್ತಾನೆ. ತಾನು ಹಿಂದೆ ನಿಂತು ಇಡೀ ಕಣವನ್ನು ಗಮನಿಸುತ್ತಾನೆ. ಇಲ್ಲಿ ಗೆಲ್ಲುವುದು ತೋಳ್ಬಲವಲ್ಲ, ಸಮಯಪ್ರಜ್ಞೆ ಮತ್ತು ಮಿತವ್ಯಯ. ಇಷ್ಟರಮಟ್ಟಿಗೆ ಈ ಆಟದಲ್ಲಿ ಬುದ್ಧಿಗೆ ಕೆಲಸವುಂಟೆಂದು ಒಪ್ಪಿಕೊಳ್ಳುವುದು ನ್ಯಾಯ.

ಈ ತಂತ್ರವನ್ನು ಮಹಾಭಾರತವು ಬಲ್ಲದು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ರಚಿಸಿದನೆಂದು ಪ್ರತೀತಿಯಿರುವ ಭಾರತದ ದ್ರೋಣಪರ್ವವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಘಟೋತ್ಕಚನ ಇರುಳು ಕಾಳಗದ ನೆನಪಿರಲೇಬೇಕು. ಕರ್ಣನ ಬಳಿ ಇಂದ್ರನು ಕೊಟ್ಟ ಶಕ್ತ್ಯಾಯುಧವಿತ್ತು. ಒಮ್ಮೆ ಮಾತ್ರ ಪ್ರಯೋಗಿಸಬಹುದಾದ ಅದನ್ನು ಅವನು ಅರ್ಜುನನಿಗಾಗಿ ಕಾದಿರಿಸಿದ್ದನು. ಶ್ರೀಕೃಷ್ಣನು ಘಟೋತ್ಕಚನನ್ನು ಕರ್ಣನ ಎದುರಿಗೆ ಬಿಟ್ಟನು. ಆ ರಾಕ್ಷಸವೀರನ ಹಾವಳಿಯನ್ನು ತಾಳಲಾರದೆ ಕರ್ಣನು ಆ ಆಯುಧವನ್ನು ಅವನ ಮೇಲೆಯೇ ಪ್ರಯೋಗಿಸಿದನು. ಘಟೋತ್ಕಚ ಮಡಿದನು, ಅರ್ಜುನ ಉಳಿದನು. ಶತ್ರುವಿನ ಮಹಾಸ್ತ್ರವನ್ನು ಕರೆಬಂದವನ ಮೇಲೆ ವ್ಯಯಮಾಡಿಸುವ ಈ ಉಪಾಯವನ್ನೇ ಇಂದಿನ ಆಟಗಾರನು ನಿತ್ಯವೂ ಅನುಸರಿಸುತ್ತಾನೆ.

ಆದರೆ ಸಾಮ್ಯ ಇಲ್ಲಿಗೆ ಮುಗಿಯುತ್ತದೆ. ಘಟೋತ್ಕಚನು ಭೀಮನ ಮಗ. ಅವನು ಬಿದ್ದಾಗ ಪಾಂಡವರ ಪಾಳೆಯ ಅತ್ತಿತು. ಗೆಲವಿನ ನಡುವೆಯೂ ಧರ್ಮರಾಯನ ಎದೆ ಒಡೆಯಿತು. ಆಟದಲ್ಲಿ ಎಲುಬುಗೂಡು ಉರುಳಿದರೆ ಅಳುವವರಿಲ್ಲ. ಮರುಕ್ಷಣ ಮತ್ತೊಂದು ಏಳುತ್ತದೆ. ತನಗಾಗಿ ಪೆಟ್ಟು ತಿಂದವರ ಋಣ ತನ್ನ ಮೇಲಿದೆಯೆಂಬುದನ್ನು ಆಟ ಕಲಿಸದು. ಆ ಪಾಠವನ್ನು ಕಾವ್ಯ ಹೇಳಬೇಕು, ಶಾಲೆ ಹೇಳಬೇಕು.

ಎರಡನೆಯ ಅಪಾಯ ಹಣದ್ದು. ಇತ್ತೀಚಿನ ಹಲವು ಆಟಗಳಲ್ಲಿ ಯೋಧನನ್ನು ಕರೆಯುವುದೆಂದರೆ ಚೀಟಿಯೆತ್ತಿದಂತೆ. ಯಾರು ಬರುವರೆಂಬುದು ಅದೃಷ್ಟಾಧೀನ. ಅಪರೂಪದ ಯೋಧ ಬರಲೆಂದು ಮತ್ತೆ ಮತ್ತೆ ದುಡ್ಡು ಸುರಿಯುವ ಚಪಲ ಹುಟ್ಟುತ್ತದೆ. ಜಪಾನಿನಲ್ಲಿ ಆಟಿಕೆ ಮಾರುವ ಯಂತ್ರದ ಹೆಸರಿನಿಂದ ಇದಕ್ಕೆ ‘ಗಾಚಾ’ ಎನ್ನುತ್ತಾರೆ. ಇದರ ಒಂದು ಪ್ರಕಾರವು ಕಾನೂನಿಗೆ ವಿರುದ್ಧವೆಂದು 2012ರಲ್ಲಿ ಜಪಾನ್ ಸರಕಾರವೇ ಸಾರಿತು. ನಮ್ಮ ದೇಶದಲ್ಲಿ 2025ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಕಾಯಿದೆಯು ಹಣವನ್ನು ಪಣವಾಗಿಟ್ಟು ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿತು. ಆದರೂ ಮನೆಯವರ ಎಚ್ಚರಕ್ಕೆ ಯಾವ ಕಾಯಿದೆಯೂ ಬದಲಿಯಾಗಲಾರದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ವಿಸರ್ಜನೆ. ಕರೆದುದನ್ನು ಕಳುಹಿಸಲು ಬಲ್ಲವನೇ ಕರೆಯಲು ಅರ್ಹ. ಮಹಾಭಾರತದ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನೂ ಅರ್ಜುನನೂ ಮಹಾಸ್ತ್ರಗಳನ್ನು ಬಿಟ್ಟರು. ಋಷಿಗಳು ತಡೆದಾಗ ಅರ್ಜುನನು ತನ್ನ ಅಸ್ತ್ರವನ್ನು ಹಿಂದಕ್ಕೆ ಪಡೆದನು. ಅಶ್ವತ್ಥಾಮನಿಗೆ ಅದು ಸಾಧ್ಯವಾಗಲಿಲ್ಲ. ಇಬ್ಬರ ವಿದ್ಯೆಯೂ ಒಂದೇ ಗುರುವಿನಿಂದ ಬಂದುದು, ಭೇದವಿದ್ದುದು ಸಂಯಮದಲ್ಲಿ. ವೀರಭದ್ರನ ಕಥೆಯೂ ಧ್ವಂಸದಲ್ಲಿ ಮುಗಿಯುವುದಿಲ್ಲ. ಶಿವನ ಕೋಪ ಶಾಂತವಾಯಿತು, ದಕ್ಷನು ಕುರಿದಲೆಯಿಂದ ಮರಳಿ ಬದುಕಿದನು, ನಿಂತ ಯಜ್ಞ ಪೂರ್ಣವಾಯಿತು. ಡಯಾಬ್ಲೊ ಆಟದಲ್ಲಿಯೂ ಕರೆದ ಜೀವಿಯನ್ನು ಕಳುಹಿಸಿಬಿಡುವ ಕ್ರಮವೊಂದುಂಟು. ಆದರೆ ಸ್ವತಃ ಆಟವನ್ನೇ ವಿಸರ್ಜಿಸುವ ಕ್ರಮವನ್ನು ಯಾವ ಆಟವೂ ಒತ್ತಿ ಕಲಿಸದು. ರಾತ್ರಿ ಹತ್ತಾದರೂ ಪರದೆಯನ್ನು ಆರಿಸಲಾಗದ ಬಾಲಕನು, ಎಷ್ಟೇ ಭೂತಗಳನ್ನು ಆಳಲಿ, ಅಶ್ವತ್ಥಾಮನ ಸ್ಥಿತಿಯಲ್ಲಿಯೇ ಇದ್ದಾನೆ.

ಆದ್ದರಿಂದ ಶಿಕ್ಷಕರಲ್ಲಿಯೂ ಪಾಲಕರಲ್ಲಿಯೂ ನಮ್ಮ ವಿನಂತಿ ಇಷ್ಟೇ. ಮೊಬೈಲನ್ನು ಕಸಿಯುವ ಮುನ್ನ ಒಮ್ಮೆ ಮಗುವಿನ ಬದಿಯಲ್ಲಿ ಕುಳಿತು, “ಇದನ್ನು ಹೇಗೆ ಕರೆದೆಯಪ್ಪಾ? ಹೇಗೆ ಕಳುಹಿಸುತ್ತೀ?” ಎಂದು ಕೇಳಿರಿ. ಮಗು ಸಂತೋಷದಿಂದ ವಿವರಿಸುತ್ತದೆ. ಘಟೋತ್ಕಚನ ಕಥೆಯನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ದೊರೆಯದು. ಆಟವನ್ನು ಎಂದು, ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂಬುದನ್ನು ಮಗುವಿನೊಡನೆ ಕೂಡಿಯೇ ಗೊತ್ತುಮಾಡಿರಿ. ಗೊತ್ತುಮಾಡಿದುದನ್ನು ಹಿರಿಯರೂ ಪಾಲಿಸಿರಿ.

ಶರಣರ ಮಾರ್ಗದಲ್ಲಿ ಇಷ್ಟಲಿಂಗಕ್ಕೆ ಆವಾಹನೆಯೂ ಇಲ್ಲ, ವಿಸರ್ಜನೆಯೂ ಇಲ್ಲ. ಅದು ಸದಾ ಅಂಗದ ಮೇಲಿರುವುದು. ಕರೆದರೆ ಬರುವ ಬಲ ಕರೆದವನನ್ನು ಬಿಟ್ಟೂ ಹೋಗುತ್ತದೆ. ಕರೆಯದೆಯೇ ಜೊತೆಗಿರುವ ಬಲವನ್ನು ಮಕ್ಕಳಲ್ಲಿ ಬೆಳೆಸುವುದು ಮಠದ ನೆರಳಿನಲ್ಲಿ ನಡೆಯುವ ಶಾಲೆಗಳ ಹಿರಿದಾದ ಹೊಣೆ.