ಆಕ್ಸಿಜನ್ ರೆಗ್ಯುಲೇಟರಿಗೆ ತೆಂಗಿನೆಣ್ಣೆ ಬೇಡ ಮಾರಾಯ್ರೆ

ಗುಜರಿ ಯಾರ್ಡ್, ಟಿಂಕರಿಂಗ್ ಶೆಡ್, ಗ್ರಿಲ್ ವರ್ಕ್‌ಶಾಪ್ ನಂಬಿ ಬದುಕುವ ಬ್ಯಾರಿ ಕುಟುಂಬಗಳು ನಮ್ಮ ಕರಾವಳಿಯಲ್ಲಿ ಬಹಳ. ಗಲ್ಫಿನಲ್ಲಿ ವೆಲ್ಡರ್ ಆಗಿದ್ದವರು ಅಲ್ಲಿ ಹೆಲ್ಮೆಟ್ ಇಲ್ಲದೆ ಗೇಟು ದಾಟುತ್ತಿರಲಿಲ್ಲ. ಊರಿಗೆ ಬಂದು ಸ್ವಂತ ಶೆಡ್ ಹಾಕಿದ ಮೇಲೆ ಕೇಳಿದರೆ, "ಎಂತ ಆಗುದಿಲ್ಲ ಕಾಕ" ಎನ್ನುತ್ತಾರೆ. ಆಗುವ ಜಾಗಗಳಲ್ಲಿ ಒಂದು ಸಿಲಿಂಡರಿನ ತಲೆಯ ಮೇಲೆ ಕೂತ ರೆಗ್ಯುಲೇಟರ್.

ತುಂಬಿದ ಆಕ್ಸಿಜನ್ ಸಿಲಿಂಡರಿನೊಳಗೆ ಚದರ ಸೆಂಟಿಮೀಟರಿಗೆ ಸುಮಾರು 150 ಕಿಲೋ ಒತ್ತಡ. ಅದನ್ನು ನಾಲ್ಕೈದು ಕಿಲೋಗೆ ಇಳಿಸಿ ಹೋಸ್ ಪೈಪಿಗೆ ಬಿಡುವುದು ರೆಗ್ಯುಲೇಟರ್. ಒಳಗಿರುವುದು ಒಂದು ಸ್ಪ್ರಿಂಗ್, ಒಂದು ಡಯಾಫ್ರಾಂ, ಒಂದು ಪುಟ್ಟ ಸೀಟ್. ನಟ್ ಬಿಗಿಯಾಯಿತೆಂದು ಇದಕ್ಕೆ ಎಣ್ಣೆ, ಗ್ರೀಸ್ ಹಚ್ಚುವವರಿದ್ದಾರೆ. ಆಕ್ಸಿಜನ್ ರಭಸದಿಂದ ನುಗ್ಗಿ ಒತ್ತಿಕೊಂಡಾಗ ಹುಟ್ಟುವ ಬಿಸಿಗೇ ಆ ಎಣ್ಣೆ ಹೊತ್ತಿಕೊಳ್ಳುತ್ತದೆ, ಕಿಡಿ ಬೇಕೆಂದಿಲ್ಲ. ಊಟ ಮಾಡಿ ಕೈಗೆ ಅಂಟಿದ ಎಣ್ಣೆ, ಎಂಜಿನ್ ಒರೆಸಿದ ಬಟ್ಟೆ, ತಲೆಗೆ ಹಚ್ಚಿದ ತೆಂಗಿನೆಣ್ಣೆ ಯಾವುದೂ ಅಲ್ಲಿಗೆ ತಾಗಬಾರದು. ಗೇಜು ಬದಲಿಸುವಾಗಲೂ ಆಕ್ಸಿಜನ್‌ಗೆಂದೇ ಮಾಡಿದ್ದನ್ನು ಕೇಳಿ ಪಡೆಯಿರಿ. ಬೇರೆ ಗೇಜಿನೊಳಗೆ ಎಣ್ಣೆಯ ಪಸೆ ಇರಬಹುದು.

ಟೆಫ್ಲಾನ್ ಟೇಪ್ ಸುತ್ತುವುದೂ ಬೇಡ. ಅಲ್ಲಿ ಲೋಹಕ್ಕೆ ಲೋಹ ಕೂತು ಗಾಳಿ ಕಟ್ಟುತ್ತದೆ, ಟೇಪಿನ ಚೂರು ಒಳಗೆ ಹೋಗಿ ಸೀಟ್ ಹಾಳಾಗುತ್ತದೆ. ಸೋರಿದರೆ ಸಾಬೂನು ನೀರು ಹಾಕಿ ನೋಡಿ, ನೊರೆ ಬಂದಲ್ಲಿ ಮುಖ ಸವೆದಿರಬಹುದು. ಡಿಎ ಗ್ಯಾಸಿನ ನಟ್ ಎಡಕ್ಕೆ ತಿರುಗುವ ಮರೆ, ಅದರ ಮೇಲೆ ಗೀಟು ಕೊರೆದಿರುತ್ತದೆ. ಆ ಗ್ಯಾಸನ್ನು ಒಂದು ಕಿಲೋಗಿಂತ ಮೇಲೆ ಏರಿಸಬೇಡಿ, ಅಸಿಟಿಲೀನ್ ತಾನಾಗಿಯೇ ಸಿಡಿಯಬಹುದು.

ಇನ್ನು ರಿಪೇರಿ. ರೆಗ್ಯುಲೇಟರಿನ ಸ್ಕ್ರೂ ಪೂರ್ತಿ ಸಡಿಲಿಸಿ, ಟಾರ್ಚ್ ಮುಚ್ಚಿ, ಪಕ್ಕಕ್ಕೆ ನಿಂತು ಸಿಲಿಂಡರ್ ಕೀ ನಿಧಾನ ತಿರುಗಿಸಿ. ಹೋಸ್ ಕಡೆಯ ಗೇಜಿನ ಮುಳ್ಳು ತಾನಾಗಿ ಏರುತ್ತಿದ್ದರೆ ಸೀಟ್ ಕೆಟ್ಟಿದೆ. ಹುಡುಗರು ಅದನ್ನು ಸ್ಪಾನರಿನಲ್ಲಿ ಬಿಗಿದು ದಿನ ದೂಡುತ್ತಾರೆ. ಬಿಗಿದದ್ದರಿಂದ ಸೀಟ್ ಸರಿಯಾಗುವುದಿಲ್ಲ, ಒಂದು ದಿನ ಹೋಸ್ ಅಥವಾ ಡಯಾಫ್ರಾಂ ಒಡೆಯುತ್ತದೆ. ಅದೇ ಕಂಪನಿಯ, ಅದೇ ಮಾಡೆಲಿನ ಕಿಟ್ ಸಿಗುತ್ತದಾದರೆ ಗೊತ್ತಿರುವ ಮೇಸ್ತ್ರಿಗೆ ಕೊಡಿ. ಇಲ್ಲದಿದ್ದರೆ ಹೊಸದು ತನ್ನಿ. ಎಲ್‌ಪಿಜಿಯ ಸೀಟ್ ಆಕ್ಸಿಜನ್‌ಗೆ ಹಾಕುವುದು ರಿಪೇರಿಯಲ್ಲ, ಜೀವದ ಜೊತೆ ಆಟ.

ಸೀಟಿಗೆ ಮುಖ್ಯ ಶತ್ರು ಧೂಳು. ರೆಗ್ಯುಲೇಟರ್ ಕೂರಿಸುವ ಮೊದಲು ಸಿಲಿಂಡರಿನ ಕೀಯನ್ನು ಕ್ಷಣ ಮಾತ್ರ ತೆರೆದು ಮುಚ್ಚಿ, ಬಾಯಲ್ಲಿದ್ದದ್ದು ಹಾರಿಹೋಗುತ್ತದೆ. ಡಿಎ ಆದರೆ ಇದನ್ನು ಬಯಲಲ್ಲಿ, ಬೆಂಕಿಯಿಂದ ದೂರ ಮಾಡಿ.

ಶುಕ್ರವಾರ ಬಾಂಗ್ ಕೇಳಿದ್ದೇ ಹುಡುಗರು ಎಲ್ಲ ಬಿಟ್ಟು ಮಸೀದಿಗೆ ಓಡುತ್ತಾರೆ, ಗೇಜಿನಲ್ಲಿ ಒತ್ತಡ ಹಾಗೆಯೇ. ಸಿಲಿಂಡರ್ ಮುಚ್ಚಿ, ಒಂದೊಂದೇ ಗ್ಯಾಸ್ ಟಾರ್ಚಿನಿಂದ ಬಿಟ್ಟು, ಮುಳ್ಳು ಸೊನ್ನೆಗಿಳಿದ ಮೇಲೆ ಸ್ಕ್ರೂ ಸಡಿಲಿಸಲು ಎರಡು ನಿಮಿಷ ಸಾಕು, ಖುತ್ಬಾ ತಪ್ಪುವುದಿಲ್ಲ.

ಕೆಟ್ಟ ರೆಗ್ಯುಲೇಟರನ್ನು ಇಡಿಯಾಗಿ ಗುಜರಿಗೆ ಹಾಕಬೇಡಿ. ತೊಳೆದು ಪಾಲಿಶ್ ಮಾಡಿದರೆ ಅದು ಇನ್ನೊಬ್ಬರ ಶೆಡ್ಡಿಗೆ ಹೋಗುತ್ತದೆ. ಹಿತ್ತಾಳೆಯ ಬೆಲೆಗೆ ಕೊಡುವುದಾದರೆ ಮೊದಲು ಸುತ್ತಿಗೆಯಲ್ಲಿ ಜಜ್ಜಿ ಕೊಡಿ.