ಬೆಂಗಳೂರಿನ ನರ್ತಕನ ಉಡುಪು ಲಂಡನ್ ಸೇರಿದ ಬಗೆ

ಕೃಷ್ಣರಾಜನಗರ: ಈ ಪಟ್ಟಣಕ್ಕೆ ಹೆಸರು ಕೊಟ್ಟ ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬೆಂಗಳೂರಿನ ಹುಡುಗನೊಬ್ಬನ ಕುಣಿತಕ್ಕೆ ಮನಸೋತು ಬೆಂಬಲಕ್ಕೆ ನಿಂತರು. ವಕೀಲನಾಗಿದ್ದ ತಂದೆಗೆ ಮಗನ ಈ ಹುಚ್ಚು ಹಿಡಿಸಿರಲಿಲ್ಲ. ಆ ಹುಡುಗನೇ ರಾಮ್ ಗೋಪಾಲ್. ಮುಂದೆ ಆತ ರಂಗದ ಮೇಲೆ ತೊಟ್ಟ ಉಡುಪು, ಶಿರೋಭೂಷಣಗಳು ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ.

ರಾಮ್ ಗೋಪಾಲ್ ಕುಂಜು ಕುರುಪ್ ಅವರಲ್ಲಿ ಕಥಕ್ಕಳಿಯನ್ನೂ, ಮೀನಾಕ್ಷಿಸುಂದರಂ ಪಿಳ್ಳೆ ಅವರಲ್ಲಿ ಭರತನಾಟ್ಯವನ್ನೂ ಅಭ್ಯಸಿಸಿದರು. 1938ರಲ್ಲಿ ನ್ಯೂಯಾರ್ಕ್, 1939ರಲ್ಲಿ ಲಂಡನ್ ಅವರ ನೃತ್ಯವನ್ನು ಕಂಡವು. ಪಶ್ಚಿಮದ ವಿಮರ್ಶಕರು 'ಭಾರತದ ನಿಜಿನ್‌ಸ್ಕಿ' ಎಂದರು. 1960ರಲ್ಲಿ ಬ್ರಿಟನ್ನಿನ ಬ್ಯಾಲೆ ತಾರೆ ಅಲಿಷಿಯಾ ಮಾರ್ಕೊವಾ ಅವರೊಡನೆ 'ರಾಧಾ-ಕೃಷ್ಣ' ಪ್ರದರ್ಶಿಸಿದರು. ಬಾಳಿನ ಬಹುಭಾಗವನ್ನು ಇಂಗ್ಲೆಂಡಿನಲ್ಲೇ ಕಳೆದು 2003ರಲ್ಲಿ ನಿಧನರಾದರು. ಕಲಾವಿದ ಬಾಳಿದಲ್ಲೇ ಆತನ ವಸ್ತುಗಳೂ ನೆಲೆಯೂರಿದ್ದು ಸಹಜವೇ. ಬೆಂಗಳೂರಿಗರಿಗೆ ಕೊಂಚ ಕಸಿವಿಸಿಯಾದರೂ ಸರಿ.

ಹೋಲಿಕೆಗೆ ಇನ್ನೊಂದು ಎಳೆಯೂ ಇದೆ. ರಷ್ಯಾದ ನಿಜಿನ್‌ಸ್ಕಿ 1912ರಲ್ಲಿ ಪ್ಯಾರಿಸ್ಸಿನಲ್ಲಿ 'ನೀಲ ದೇವ' ಬ್ಯಾಲೆಗೆ ಧರಿಸಿದ ಮೇಲಂಗಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ಲಿಯಾನ್ ಬಾಕ್ಸ್ಟ್ ವಿನ್ಯಾಸಗೊಳಿಸಿದ ಆ ಅಂಗಿಯ ಹಿಂದಿದ್ದುದು ಯುರೋಪು ಊಹಿಸಿಕೊಂಡ ಭಾರತ. ರಾಮ್ ಗೋಪಾಲ್ ಅದೇ ಯುರೋಪಿಗೆ ಗುರುಮುಖೇನ ಕಲಿತದ್ದನ್ನು ಒಯ್ದರು.

ಬೆವರು ತೊಳೆಯುವುದಿಲ್ಲ

ಸಂಗ್ರಹಾಲಯ ಸೇರಿದ ರಂಗ ಉಡುಪನ್ನು ಸಾಮಾನ್ಯವಾಗಿ ಒಗೆಯುವುದಿಲ್ಲ. ಬೆವರಿನ ಕಲೆ, ಬಣ್ಣದ ಗುರುತು, ಅವಸರದಲ್ಲಿ ಹಾಕಿದ ಹೊಲಿಗೆ ಇವೆಲ್ಲ ನರ್ತಕನ ದೇಹ ಹೇಗೆ ದುಡಿಯಿತು ಎಂಬುದಕ್ಕೆ ಸಾಕ್ಷಿ. ಆದರೆ ಅದೇ ಬೆವರು ರೇಷ್ಮೆಯನ್ನು ತಿನ್ನುತ್ತದೆ, ಜರಿಯನ್ನು ಕಪ್ಪಾಗಿಸುತ್ತದೆ. ಬೆಳಕು ಬಣ್ಣವನ್ನು ಕಸಿಯುತ್ತದೆ. ಒಮ್ಮೆ ಮಾಸಿದ ಬಣ್ಣ ಮರಳದು. ಆದ್ದರಿಂದಲೇ ಪ್ರದರ್ಶನದಲ್ಲಿ ಬೆಳಕನ್ನು ಸುಮಾರು 50 ಲಕ್ಸ್‌ಗೆ ಮಿತಿಗೊಳಿಸುವ ರೂಢಿಯಿದೆ. ಉಳಿದ ಕಾಲ ಉಡುಪು ಆಮ್ಲರಹಿತ ಕಾಗದದ ನಡುವೆ ಕತ್ತಲಲ್ಲಿ ಮಲಗಿರುತ್ತದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1968ರಲ್ಲಿ ಆರಂಭವಾದ ಜಾನಪದ ವಸ್ತುಸಂಗ್ರಹಾಲಯ ಯಕ್ಷಗಾನದ ವೇಷಭೂಷಣ, ತೊಗಲುಗೊಂಬೆಗಳನ್ನು ಕೂಡಿಟ್ಟಿದೆ. ಆದರೆ ಕೆ.ಆರ್.ನಗರ, ಹುಣಸೂರು, ಪಿರಿಯಾಪಟ್ಟಣ ಸೀಮೆಯ ಪೌರಾಣಿಕ ನಾಟಕಗಳ ಕಿರೀಟ, ಭುಜಕೀರ್ತಿ, ಜರಿಯಂಗಿಗಳು ಬಾಡಿಗೆಗೆ ಊರೂರು ಸುತ್ತುವ ಸರಕು. ಹಳತಾದರೆ ಟ್ರಂಕಿನ ತಳ ಸೇರುತ್ತವೆ.

ಮನೆಯಲ್ಲಿ ಅಂಥ ಅಂಗಿಯೊಂದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು. ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಡಿಕೆಯನ್ನು ಆಗಾಗ ಬದಲಿಸಿ, ನೆರಳಲ್ಲಿ ಗಾಳಿಯಾಡಿಸಬೇಕು. ಜೊತೆಗೆ ಒಂದು ಚೀಟಿ ಇರಲಿ: ತೊಟ್ಟವರು ಯಾರು, ಯಾವ ಪಾತ್ರ, ಯಾವ ಊರು, ಯಾವ ವರ್ಷ. ಆ ಚೀಟಿಯಿಲ್ಲದ ಅಂಗಿ ಯಾರದೆಂದು ಹೇಳುವುದು ಯಾವ ಸಂಗ್ರಹಾಲಯಕ್ಕೂ ಕಷ್ಟ.