ಕೆ. ವಿ. ಅಯ್ಯರ್: ವ್ಯಾಯಾಮಶಾಲೆಯಿಂದ ಬೇಲೂರಿನವರೆಗೆ

ಕೆ. ವಿ. ಅಯ್ಯರ್ (1897–1980) ಮೈಸೂರು ಸಂಸ್ಥಾನದಲ್ಲಿ ಹೊಸಗಾಲದ ಅಂಗಸಾಧನೆಗೆ ದಾರಿ ಹಾಕಿಕೊಟ್ಟವರು. ಬೇಲೂರು, ಹಳೇಬೀಡುಗಳ ಹೊಯ್ಸಳ ಕಾಲವನ್ನು ‘ಶಾಂತಲಾ’ ಕಾದಂಬರಿಯಲ್ಲಿ ಕನ್ನಡ ಓದುಗರ ಮುಂದೆ ತಂದವರೂ ಅವರೇ. ಪೂರ್ಣ ಹೆಸರು ಕೋಲಾರ ವೆಂಕಟೇಶ ಅಯ್ಯರ್. ಜನ ಕರೆಯುತ್ತಿದ್ದುದು ‘ಪ್ರೊಫೆಸರ್ ಅಯ್ಯರ್’ ಎಂದು. ಕಾಲೇಜಿನಲ್ಲಿ ಪಾಠ ಹೇಳಿ ಬಂದ ಬಿರುದಲ್ಲ ಅದು. ಪ್ರೊಫೆಸರ್ ರಾಮಮೂರ್ತಿ ಅವರಂಥ ಹೆಸರಾಂತ ಬಲಶಾಲಿಗಳನ್ನು, ವ್ಯಾಯಾಮದ ಗುರುಗಳನ್ನು ಆ ಕಾಲದಲ್ಲಿ ಹಾಗೆ ಕರೆಯುವ ವಾಡಿಕೆ ಇತ್ತು.

ಅಯ್ಯರ್ ಅವರಿಗಿಂತ ಮೊದಲು ಮೈ ಸಾಧಿಸಬೇಕೆನ್ನುವವನು ಹೋಗುತ್ತಿದ್ದುದು ಗರಡಿಮನೆಗೆ. ಕೆಮ್ಮಣ್ಣಿನ ಮಟ್ಟಿ, ದಂಡ, ಬಸ್ಕಿ, ಗದೆ, ಕಲ್ಲುಗುಂಡು ಇವೆಲ್ಲ ಅಲ್ಲಿನ ಸಾಮಗ್ರಿ. ಅಲ್ಲಿ ಗುಂಡು ಎತ್ತುತ್ತಿದ್ದುದು ಕುಸ್ತಿಗಾಗಿ. ಎದುರಾಳಿಯನ್ನು ಚಿತ್ ಮಾಡುವ ಕಸುವು ಬಂದರೆ ಸಾಕು, ಮೈಯ ಅಂದ ಆಮೇಲಿನ ಮಾತು. ಯೂರೋಪಿನಲ್ಲಿ ಇದೇ ಭಾರ ಎತ್ತುವ ಕೆಲಸ ಎರಡು ಕವಲಾಗಿ ಬೆಳೆಯಿತು. ಒಂದು, 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲೇ ಸ್ಪರ್ಧೆಯಾದ ವೇಟ್‌ಲಿಫ್ಟಿಂಗ್. ಇಲ್ಲಿ ಎತ್ತಿದ ತೂಕವೇ ತೀರ್ಪು. ಇನ್ನೊಂದು ದೇಹದಾರ್ಢ್ಯ. ಇಲ್ಲಿ ಭಾರವೆಂಬುದು ಉಳಿ ಸುತ್ತಿಗೆ ಇದ್ದಂತೆ, ಮೈ ಕಡೆಯುವ ಸಲಕರಣೆ. ಈ ಎರಡನೆಯದಕ್ಕೆ ಜಗತ್ತಿನಾದ್ಯಂತ ಹೆಸರು ತಂದುಕೊಟ್ಟವನು ಯೂಜೆನ್ ಸ್ಯಾಂಡೋ (1867–1925). ಗ್ರೀಕ್ ಶಿಲ್ಪಗಳ ಅಳತೆಯನ್ನೇ ಆದರ್ಶವಾಗಿಟ್ಟುಕೊಂಡಿದ್ದ ಅವನು 1904–05ರಲ್ಲಿ ಭಾರತದಲ್ಲೂ ಪ್ರದರ್ಶನ ಕೊಟ್ಟುಹೋದ. ಅಯ್ಯರ್ ಹಿಡಿದದ್ದು ಈ ದಾರಿಯನ್ನು. ಪದಕ ಗೆಲ್ಲಲು ಭಾರ ಎತ್ತಿದವರಲ್ಲ ಅವರು.

1922ರಲ್ಲಿ ಬೆಂಗಳೂರಿನಲ್ಲಿ ಅವರು ‘ಹರ್ಕ್ಯುಲಿಸ್ ಜಿಮ್ನೇಷಿಯಂ’ ತೆರೆದರು. ಮುಂದೆ ಜಯಚಾಮರಾಜೇಂದ್ರ ರಸ್ತೆಯಲ್ಲಿದ್ದ ಅವರ ವ್ಯಾಯಾಮಶಾಲೆ ನಗರದ ಹೆಗ್ಗುರುತುಗಳಲ್ಲಿ ಒಂದಾಯಿತು. ಬಾರ್‌ಬೆಲ್, ಡಂಬೆಲ್ಸ್, ಉಕ್ಕಿನ ಸ್ಪ್ರಿಂಗ್ ಎಲ್ಲವೂ ಅವರ ಸಾಧನೆಯಲ್ಲಿದ್ದವು. ಆದರೆ ಅವರ ಪದ್ಧತಿಯ ವಿಶೇಷ ಇದ್ದದ್ದು ಈ ಸಾಮಾನುಗಳ ಜೊತೆಗೆ ಸೂರ್ಯನಮಸ್ಕಾರವನ್ನೂ ಯೋಗಾಸನಗಳನ್ನೂ ಸೇರಿಸಿದ್ದರಲ್ಲಿ. ಪಡುವಣದ ಕಬ್ಬಿಣವನ್ನು ಬಳಸಿದರೂ, ತಮ್ಮ ಮೈಯನ್ನು ರೂಪಿಸಿದ್ದರಲ್ಲಿ ಹಠಯೋಗದ್ದೇ ಹೆಚ್ಚಿನ ಪಾಲು ಎಂದು 1930ರಲ್ಲಿ ಬಂದ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಯೋಗಿ ಸುಂದರಂ ಆ ದಿನಗಳ ಅವರ ಒಡನಾಡಿ. ಇಬ್ಬರೂ ಕೂಡಿ ಊರೂರಿಗೆ ಹೋಗಿ ಪ್ರದರ್ಶನ ಕೊಡುತ್ತಿದ್ದರು. ಸುಂದರಂ ಆಸನ ಹಾಕಿ ತೋರಿಸಿದರೆ ಅಯ್ಯರ್ ಮಾಂಸಖಂಡಗಳ ಆಟ ತೋರಿಸುತ್ತಿದ್ದರು. 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’ ಪ್ರಕಟವಾಯಿತು. ಬೆಂಗಳೂರಿಗೆ ಬರಲಾಗದವರಿಗೆ ಅಂಚೆಯ ಮೂಲಕವೇ ಪಾಠ ಹೋಗುತ್ತಿತ್ತು.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲೂ ಅಯ್ಯರ್ ಪದ್ಧತಿಯ ವ್ಯಾಯಾಮಶಾಲೆ ನಡೆಯಿತು. ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಇದ್ದದ್ದೂ ಅದೇ ಅರಮನೆಯ ಆವರಣದಲ್ಲಿ. ಮುಂದೆ ಜಗತ್ತಿಗೆಲ್ಲ ಯೋಗ ಕಲಿಸಿದ ಬಿ. ಕೆ. ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಅವರ ಗುರು ಈ ಕೃಷ್ಣಮಾಚಾರ್ಯರೇ. ಡಂಬೆಲ್ಸ್ ಮತ್ತು ಯೋಗಾಸನ ಹೀಗೆ ಒಂದೇ ಸೂರಿನಡಿ ನೆರೆಹೊರೆಯಾಗಿದ್ದವು. ಇಂದಿನ ಯೋಗದ ಚರಿತ್ರೆ ಬರೆಯುವವರು ಅಯ್ಯರ್ ಹೆಸರನ್ನು ಬಿಡದೆ ಎತ್ತಿಕೊಳ್ಳುವುದು ಇದಕ್ಕೇ.

ವ್ಯಾಯಾಮಶಾಲೆಗೆ ಸಾಹಿತಿಗಳ ಬಳಕೆಯೂ ಇತ್ತು. ನಾಟಕಕಾರ ಟಿ. ಪಿ. ಕೈಲಾಸಂ ಅವರು ಅಯ್ಯರ್ ಅವರ ಆಪ್ತ ಗೆಳೆಯರು. ಆ ಒಡನಾಟದ ನೆನಪುಗಳನ್ನು ಅಯ್ಯರ್ ಮುಂದೆ ಪುಸ್ತಕವಾಗಿ ಬರೆದರು. ‘ರವಿ ಕಲಾವಿದರು’ ಎಂಬ ಹವ್ಯಾಸಿ ತಂಡ ಕಟ್ಟಿ ನಾಟಕ ಆಡಿಸಿದರು. ಸಣ್ಣಕತೆಗಳ ಜೊತೆಗೆ ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳನ್ನು ಬರೆದರು. ‘ರೂಪದರ್ಶಿ’ಯ ವಸ್ತು ಕಲಾವಿದ ಮತ್ತು ಅವನು ಅರಸುವ ರೂಪ, ಮೈಕಟ್ಟನ್ನು ಜೀವಮಾನವಿಡೀ ನೋಡಿ ತಿದ್ದಿದವರು ಕೈಗೆತ್ತಿಕೊಳ್ಳಲು ತಕ್ಕ ವಸ್ತು.

‘ಶಾಂತಲಾ’ದ ನಾಯಕಿ ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ, ಗಂಡ ವೈಷ್ಣವದ ಕಡೆಗೆ ಒಲಿದವನು. ಸಂಗೀತ, ನೃತ್ಯಗಳಲ್ಲಿ ಅವಳ ನೈಪುಣ್ಯವನ್ನು ಶಾಸನಗಳೇ ಹೊಗಳುತ್ತವೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ ಆಯಿತು. ಅದೇ ಆವರಣದ ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲೆ ಕಟ್ಟಿಸಿದ್ದು. ಹಳೇಬೀಡಿನ ಜೋಡಿ ಗುಡಿಗಳಲ್ಲಿ ಒಂದು ಹೊಯ್ಸಳೇಶ್ವರನದು, ಇನ್ನೊಂದು ಅವಳ ಹೆಸರಿನ ಶಾಂತಲೇಶ್ವರನದು. ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದ ಈ ರಾಣಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು.

ಮೈಯ ಅಳತೆ ಬಲ್ಲ ಕಣ್ಣಿಗೆ ಬೇಲೂರಿನಲ್ಲಿ ಕಾಣುವುದು ಬಹಳ. ಅಲ್ಲಿನ ಗುಡಿಯ ಸುಂದರಿಯರ ಶಿಲ್ಪಗಳಾದ ಮದನಿಕೆಯರ ಮೈಯಲ್ಲಿ ಭಾರ ಒಂದು ಕಾಲಿನ ಮೇಲೆ ನಿಂತಿರುತ್ತದೆ, ಅದಕ್ಕೆ ತಕ್ಕಂತೆ ಸೊಂಟ ಒಂದು ಕಡೆಗೆ ಬಾಗುತ್ತದೆ, ಹೆಗಲು ಇನ್ನೊಂದು ಕಡೆಗೆ ಇಳಿಯುತ್ತದೆ. ಕೈಯಲ್ಲಿ ಕನ್ನಡಿ ಹಿಡಿದ ದರ್ಪಣಸುಂದರಿಯಲ್ಲಿ ಈ ತೂಗುವಿಕೆ ಎದ್ದು ಕಾಣುತ್ತದೆ. ಹೊಯ್ಸಳರ ಲಾಂಛನದಲ್ಲಿ ಮೇಲೆರಗಿದ ಮೃಗವನ್ನು ಎದುರಿಸಿ ನಿಂತ, ವಂಶದ ಮೂಲಪುರುಷನೆನ್ನುವ ಸಳನದ್ದು ಕಸುವಿನ ಮೈ. ಈ ಕೆತ್ತನೆಗೆಲ್ಲ ಒದಗಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಉಳಿಗೆ ಮೆತ್ತಗೆ ಒಗ್ಗುವ ಇದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ.   ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಅಯ್ಯರ್ ಅವರನ್ನು ವ್ಯಾಯಾಮದವರು ಒಂದು ಕಡೆಗೆ, ಸಾಹಿತ್ಯದವರು ಇನ್ನೊಂದು ಕಡೆಗೆ ನೆನೆಯುವುದು ರೂಢಿ. ಆದರೆ ಅವರ ಎರಡೂ ಕೆಲಸಗಳ ಬೇರು ಒಂದೇ: ಮನುಷ್ಯನ ಮೈ ಚೆಲುವಾಗಿರಬೇಕು, ಆ ಚೆಲುವನ್ನು ದಿನದಿನದ ದುಡಿಮೆಯಿಂದ ಪಡೆಯಬೇಕು ಎಂಬ ನಂಬಿಕೆ. ‘ಶಾಂತಲಾ’ ಓದಿ ಬೇಲೂರಿಗೆ ಹೋದವರು ಮದನಿಕೆಯರ ಮುಂದೆ ತುಸು ಹೊತ್ತು ಹೆಚ್ಚೇ ನಿಲ್ಲುತ್ತಾರೆ.